ಸಾಹುಕಾರರ ಹಿತ್ತಲಿನ ಪುರಾಣ

ಒಂದು ಮದುವೆ ನಿಂತುಹೋದದ್ದಕ್ಕೆ ನಮ್ಮ ಶಾಲೆಯ ಪುಸ್ತಕಗಳಿಗೆ ಕೀಲಿ ಬಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಬಸವಕಲ್ಯಾಣದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಮನೆ ಹುಮನಾಬಾದಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಬರುವುದು, ಸಂಜೆ ಬಸ್ಸಿಗೆ ಹೋಗುವುದು. ಗ್ರಂಥಾಲಯವೆಂದರೆ ಬೇರೆ ಕೋಣೆಯೇನಲ್ಲ, ಶಿಕ್ಷಕರ ಕೋಣೆಯ ಮೂಲೆಯಲ್ಲಿದ್ದ ಎರಡು ಅಲಮಾರಿಗಳು. ಅವುಗಳ ಉಸ್ತುವಾರಿ ಕನ್ನಡ ಕಲಿಸುವವರದು ಎಂದು ನಾನು ಬರುವ ಮೊದಲೇ ಯಾರೋ ತೀರ್ಮಾನಿಸಿದ್ದರು. ಹಾಗಾಗಿ ಧೂಳು ಹೊಡೆಯುವುದೂ ನನ್ನ ಪಾಲಿಗೇ ಬಂದಿತ್ತು.

ಮದುವೆ ನಿಂತದ್ದು ಹೀಗೆ. ಹಿಂದಿನ ವರ್ಷ ನಮ್ಮಲ್ಲಿ ಓದು ಮುಗಿಸಿ ಹೋಗಿದ್ದ ಹುಡುಗಿಯೊಬ್ಬಳು ಅಕ್ಷತೆ ಬೀಳುವ ಹೊತ್ತಿಗೆ ಒಳಕೋಣೆ ಸೇರಿ, ಬಾಗಿಲು ಹಾಕಿಕೊಂಡು, ಒಲ್ಲೆ ಅಂದಳಂತೆ. ವರನ ಕಡೆಯವರು ಉಂಡು, ಬೈದು, ಬಸ್ಸು ಹತ್ತಿದರು. ಹುಡುಗಿಯ ಅಪ್ಪ ನಮ್ಮ ಶಾಲೆಯ ಕಮಿಟಿಯಲ್ಲಿದ್ದರು. ಯಾಕೆ ಒಲ್ಲೆ ಅಂದೆ ಎಂದು ಮಗಳನ್ನೇ ಕೇಳಬಹುದೆಂಬುದು ಅವರಿಗೆ ಹೊಳೆಯಲಿಲ್ಲ. ಶಾಲೆಯ ಕಾದಂಬರಿ ಓದಿ ಕೆಟ್ಟಳು ಎಂದು ಕಮಿಟಿಯ ಮುಂದೆ ಹೇಳಿದರು. ಆ ಹುಡುಗಿ ನಮ್ಮಲ್ಲಿ ಇದ್ದಷ್ಟು ದಿನ ಅಲಮಾರಿಯಿಂದ ಒಂದೇ ಒಂದು ಪುಸ್ತಕ ಒಯ್ದವಳಲ್ಲ. ನಾನು ಅದನ್ನು ಹೇಳಿದೆ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕಮಿಟಿಯ ಅಧ್ಯಕ್ಷರು ತೊಗರಿ ವ್ಯಾಪಾರದ ಸಾಹುಕಾರರು. ಶಾಲೆಗೆ ಜಾಗ ಕೊಟ್ಟವರು, ಹಂಚು ಹಾಕಿಸಿದವರು, ಕೆಟ್ಟವರೆಂದು ಹೇಳಲಾರೆ. ಪ್ರತಿ ವರ್ಷದ ಸಮಾರಂಭದಲ್ಲಿ ಅವರದು ಒಂದೇ ಭಾಷಣ. ಈ ಕಲ್ಯಾಣದಲ್ಲಿ ಎಂಟುನೂರು ವರ್ಷದ ಹಿಂದೆಯೇ ಹೆಣ್ಣುಮಕ್ಕಳು ಗಂಡಸರ ಸರಿಸಮ ಕೂತು ವಾದ ಮಾಡಿದ್ದರು, ಇಂಥ ಊರು ಲೋಕದಲ್ಲಿ ಇನ್ನೊಂದಿಲ್ಲ ಎನ್ನುವರು. ಹೇಳುತ್ತ ಹೇಳುತ್ತ ಅವರ ಕಣ್ಣುಗಳು ನಿಜವಾಗಿಯೂ ತುಂಬುತ್ತಿದ್ದವು. ಅದೇ ಮನುಷ್ಯ ಒಂದು ಮಧ್ಯಾಹ್ನ ಬಂದು, ಅಲಮಾರಿಯ ಮುಂದೆ ಖುರ್ಚಿ ಎಳೆದುಕೊಂಡು ಕೂತು, ಒಂದೊಂದೇ ಪುಸ್ತಕ ತೆಗೆದುಕೊಡಲು ನನಗೆ ಹೇಳಿದರು.

ಓದಿ ಆರಿಸುವಷ್ಟು ಪುರಸೊತ್ತು ಅವರಿಗಿರಲಿಲ್ಲ. ಮುಖಪುಟದ ಮೇಲೆ ಹೆಣ್ಣಿನ ಚಿತ್ರವಿದ್ದರೆ ಆ ಕಡೆ, ಇಲ್ಲದಿದ್ದರೆ ಈ ಕಡೆ. ಕಾದಂಬರಿಗಳು ಹೋದವು. ಅವುಗಳ ಜೊತೆಗೆ ಉಪ್ಪಿನಕಾಯಿ ಹಾಕುವುದು ಹೇಗೆ ಎಂಬ ಪುಸ್ತಕವೂ ಹೋಯಿತು, ಅದರ ಮೇಲೆ ಭರಣಿ ಹಿಡಿದ ಗೃಹಿಣಿ ಇದ್ದಳು. ದನಗಳ ರೋಗದ ಪುಸ್ತಕದ ಮೇಲೆ ಹಾಲು ಹಿಂಡುವವಳೊಬ್ಬಳಿದ್ದಳು, ಅದೂ ಹೋಯಿತು. ಮೂವರು ಹೆಂಡಿರನ್ನು ಒಬ್ಬರಾದ ಮೇಲೆ ಒಬ್ಬರಂತೆ ಬಾವಿಗೆ ನೂಕುವ ಗಂಡಸಿನ ಪತ್ತೇದಾರಿ ಕಥೆಯೊಂದಿತ್ತು. ಅದರ ಮೇಲೆ ಬರೀ ಕಂದೀಲು ಇದ್ದದ್ದರಿಂದ ಉಳಿದುಕೊಂಡಿತು.

"ಈ ಅಲಮಾರಿಗಿ ಕೀಲಿ ಹಾಕ್ರಿ ಅಕ್ಕೋರ," ಅಂದರು. "ಹುಡುಗ್ಯಾರ ಕೈಯಾಗ ಇವು ಹೋಗಬಾರದು."

ನಾನು "ಹೌದ್ರಿ" ಅಂದೆ. ಮನೆಗೆ ಹೋಗಿ ಇದನ್ನು ಹೇಳಿದಾಗ ನನ್ನ ಯಜಮಾನರಿಗೆ ನಂಬಿಕೆಯೇ ಬರಲಿಲ್ಲ. "ನೀ ಬರೇ ಹೌದ್ರಿ ಅಂದಿ?" ಎಂದು ಎರಡೆರಡು ಸಲ ಕೇಳಿದರು. ನೌಕರಿ ಬೇಕಾಗಿತ್ತು, ಅಂದೆ.

ಮರುದಿನ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಪಾಠ ಮುಗಿದ ಮೇಲೆ ನನ್ನ ಹಿಂದೆಯೇ ಬಂದಳು. ಇವಳ ಅಪ್ಪ ಹಳ್ಳಿಖೇಡದ ಕಡೆ ಕಬ್ಬಿನ ಟ್ರಕ್ಕು ಓಡಿಸುತ್ತಿದ್ದ. ಕಬ್ಬಿನ ಹಂಗಾಮಿನಲ್ಲಿ ಮನೆಗೆ ಬರುವುದೇ ಅಪರೂಪ. ಬಂದಾಗಲೆಲ್ಲ ಒಂದೇ ಮಾತು ಹೇಳಿ ಹೋಗುತ್ತಿದ್ದ: ಮೊದಲ ಸಲಕ್ಕೇ ಎಸ್ಸೆಸ್ಸೆಲ್ಸಿ ಪಾಸಾದರೆ ಮುಂದೆ ಓದು, ಇಲ್ಲದಿದ್ದರೆ ಯುಗಾದಿ ಮುಗಿದ ಮೇಲೆ ಹುಲಸೂರಿನ ಮಾವನ ಜೊತೆ ಮದುವೆ. ಮಾವನಿಗೆ ಅರ್ಧ ತಲೆ ನೆರೆತಿತ್ತು. ಹುಡುಗಿಗೆ ನರ್ಸ್ ಆಗಬೇಕೆಂಬ ಹುಚ್ಚು. ಆ ಹುಚ್ಚು ಹಿಡಿಸಿದ್ದು ಕೀಲಿ ಬಿದ್ದ ಪುಸ್ತಕಗಳಲ್ಲೇ ಒಂದು. ಹಳ್ಳಿ ದವಾಖಾನೆಗೆ ಬಂದ ನರ್ಸ್ ಒಬ್ಬಳ ಕಥೆ, ಅರ್ಧ ಓದಿದ್ದಳು.

"ಅಕ್ಕೋರ, ನರ್ಸ್ ಬಾಯಿ ಮುಂದ ಏನ್ ಮಾಡ್ತಾಳ್ರಿ?" ಎಂದು ಕೇಳಿದಳು.

ನನಗೆ ಮೈಯೆಲ್ಲ ಉರಿಯಿತು. ಉಣ್ಣುವವರ ಮುಂದಿನ ತಾಟು ಎಳೆದುಕೊಂಡ ಹಾಗೆ ಮಾಡಿದ್ದರು. ಸಿಟ್ಟು ಬಂದಾಗ ನನ್ನ ತಲೆ ಚೆನ್ನಾಗಿ ಓಡುತ್ತದೆ. ಹುಡುಗಿಯರ ಕೈಗೆ ಹೋಗಬಾರದು ಎಂದಿದ್ದರು ಅಧ್ಯಕ್ಷರು. ಅವರ ತಾಯಂದಿರ ಮಾತೇ ಎತ್ತಿರಲಿಲ್ಲ.

"ನಿಮ್ಮವ್ವನ್ನ ಕರಕೊಂಡು ಬಾ," ಅಂದೆ.

ಅವ್ವ ಬಂದಳು, ತಪ್ಪು ಮಾಡಿದವಳಂತೆ ಬಾಗಿಲಲ್ಲೇ ನಿಂತಳು. ಮಗಳು ಏನು ಮಾಡಿದಳು ಎಂದು ಗಾಬರಿಯಾಗಿದ್ದಳು. ನಾನು ಪುಸ್ತಕ ಕೈಗಿಟ್ಟೆ.

"ನನಗ ಓದಾಕ ಬರಂಗಿಲ್ರಿ ಅಕ್ಕೋರ."

"ಗೊತ್ತದ. ನಿನ್ನ ಮಗಳಿಗಿ ಬರ್ತದಲ್ಲ."

ಆಕೆ ಸ್ವಲ್ಪ ಹೊತ್ತು ಪುಸ್ತಕ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಸೆರಗಿನ ಒಳಗೆ ಇಟ್ಟುಕೊಂಡು ಹೋದಳು. ಹದಿನೈದು ದಿನ ಕಳೆಯುವಷ್ಟರಲ್ಲಿ ಇನ್ನೂ ಕೆಲವು ತಾಯಂದಿರು ಬರತೊಡಗಿದರು. ಮುಖ್ಯೋಪಾಧ್ಯಾಯರು ಏನಿದು ಎಂದು ಕೇಳಿದರು. ವಯಸ್ಕರ ಶಿಕ್ಷಣ ಅಂದೆ. ವಾರ್ಷಿಕ ವರದಿಯಲ್ಲಿ ಬರೆಯಬಹುದಾದ ವಿಷಯವಾದ್ದರಿಂದ ಅವರು ಖುಷಿಯಾಗಿ ಹೋದರು.

ನಾನು ಎಣಿಸದೇ ಇದ್ದದ್ದು ಒಂದೇ. ಆ ಅವ್ವನಂಥ ಹೆಂಗಸರಿಗೆ, ನಾಲ್ಕು ಮಂದಿಯ ನಡುವೆ ಒಬ್ಬರು ಗಟ್ಟಿಯಾಗಿ ಓದುವ ಪುಸ್ತಕವೆಂದರೆ ಪುರಾಣ. ಬೇರೆ ಥರದ ಪುಸ್ತಕವನ್ನು ಅವರು ಕೇಳಿದ್ದೇ ಇಲ್ಲ. ಶ್ರಾವಣದಲ್ಲಿ ಮಠದಲ್ಲಿ ಓದುತ್ತಾರೆ, ಇವರು ಕೂತು ಕೇಳುತ್ತಾರೆ. ಅದಕ್ಕೆ ಅದರದೇ ರೀತಿ ಇದೆ. ಪುಸ್ತಕವನ್ನು ಮಡಿಬಟ್ಟೆಯಲ್ಲಿ ಕಟ್ಟಿಡಬೇಕು, ನೆಲಕ್ಕೆ ತಾಗಿಸಬಾರದು, ಬಿಚ್ಚುವ ಮುನ್ನ ಕಣ್ಣಿಗೊತ್ತಿಕೊಳ್ಳಬೇಕು. ಸುರು ಮಾಡಿದ್ದನ್ನು ಅರ್ಧಕ್ಕೆ ಬಿಡಬಾರದು, ಬಿಟ್ಟರೆ ಆ ಮನೆಗೆ ಒಳ್ಳೆಯದಲ್ಲ. ಮುಗಿದ ದಿನ ಕಾಯಿ ಒಡೆದು, ಮಾದಲಿಯ ಸಿಹಿ ಮಾಡಿ, ಎಲ್ಲರಿಗೂ ಹಂಚಿ ಮಂಗಲ ಮಾಡಬೇಕು. ನರ್ಸ್ ಬಾಯಿಯ ಕಾದಂಬರಿಗೂ ಆ ತಾಯಿ ಹಾಗೆಯೇ ಮಾಡಿದಳು. ಹಳೆಯ ಕುಪ್ಪಸದ ಖಣವೊಂದನ್ನು ತೊಳೆದು, ಅದರಲ್ಲಿ ಸುತ್ತಿ, ಮಣೆಯ ಮೇಲಿಟ್ಟಳು.

ಮಣೆ ಇಟ್ಟದ್ದು ಎಲ್ಲಿ ಎಂಬುದು ನನಗೆ ತಡವಾಗಿ ತಿಳಿಯಿತು. ಆಕೆ ಕೂಲಿಗೆ ಹೋಗುತ್ತಿದ್ದದ್ದು ಅಧ್ಯಕ್ಷರ ಮನೆಗೆ. ಹಿತ್ತಲಲ್ಲಿ ಆರೇಳು ಹೆಂಗಸರು ಕೂತು ತೊಗರಿ ಹಸನ ಮಾಡುತ್ತಿದ್ದರು. ಮೇಲ್ವಿಚಾರಣೆ ಅಧ್ಯಕ್ಷರ ತಾಯಿಯದು. ಎಂಬತ್ತರ ಹತ್ತಿರದ ಮುದುಕಿ, ಎಲ್ಲರೂ ಆಯಿ ಎನ್ನುತ್ತಿದ್ದರು. ಕಣ್ಣು ಮಂದವಾಗಿದ್ದರೂ ಮೊರದಲ್ಲಿ ಕಲ್ಲು ಉಳಿದರೆ ಸಪ್ಪಳದಿಂದಲೇ ಹಿಡಿಯುತ್ತಿದ್ದರಂತೆ. ಶಾಲೆ ಬಿಟ್ಟ ಮೇಲೆ ಹುಡುಗಿ ಅಲ್ಲಿಗೆ ಹೋಗಿ ಕೂತು ಓದುತ್ತಿದ್ದಳು. ಸಾಹುಕಾರರು ಮುಂದಿನ ಅಂಗಡಿಯಲ್ಲಿ, ಪುರಾಣ ಹಿಂದಿನ ಹಿತ್ತಲಲ್ಲಿ.

ಆಯಿ ಸುಮ್ಮನೆ ಕೇಳುವವರಲ್ಲ. ಪುಸ್ತಕದಲ್ಲಿ ಡಾಕ್ಟರು ನರ್ಸಿನ ಮೇಲೆ ಸುಳ್ಳು ತಕರಾರು ಹೇಳಿದಾಗ, "ಅವನ ಬಾಯಾಗ ಮಣ್ಣ ಬೀಳಲಿ," ಅಂದರಂತೆ. "ಆಕಿಗಿ ಹೇಳು, ಅವನ ಮಾತಿಗಿ ನಂಬಬ್ಯಾಡಂತ." ಹುಡುಗಿ, "ನಾ ಹ್ಯಾಂಗ ಹೇಳಲಿ ಆಯಿ, ಬರದು ಆಗೇದ," ಅಂದಳಂತೆ. ಆಯಿಗೆ ಅದು ಒಪ್ಪಿಗೆಯಾಗಲಿಲ್ಲ.

ಎಳ್ಳಮಾಸಿ ಹಬ್ಬ ಕಳೆದ ಮೇಲೆ ನರ್ಸ್ ಬಾಯಿಯ ಕಥೆ ಮುಗಿಯಿತು. ಹೆಂಗಸರು ಮಾದಲಿ ಮಾಡಿದರು, ಕಾಯಿ ಒಡೆದರು. ಒಂದು ಬಟ್ಟಲು ಮುಂದಿನ ಅಂಗಡಿಗೂ ಹೋಯಿತು. ಅಧ್ಯಕ್ಷರು ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು. ತಮ್ಮ ಮನೆಯಲ್ಲೇ ಪುರಾಣ ನಡೆಯುತ್ತಿದೆ, ತಮಗೆ ಗೊತ್ತೇ ಇಲ್ಲವಲ್ಲ ಎಂದು ಅವರಿಗೆ ನಾಚಿಕೆಯಾಯಿತು. ಮುಂದಿನ ಪುರಾಣ ಆಗಲೇ ಸುರುವಾಗಿತ್ತು. ಒಂದು ದಿನ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬರಿಗಾಲಲ್ಲಿ ಹಿತ್ತಲಿಗೆ ಬಂದರು. ಮಣೆಯ ಮುಂದೆ ಅಡ್ಡಬಿದ್ದರು, ಹೂ ಏರಿಸಿದರು. "ಯಾವ ಶರಣರದು?" ಎಂದು ಕೇಳಿದರು.

ಹುಡುಗಿಯ ತಾಯಿ ಇದ್ದದ್ದನ್ನು ಹೇಳಿದಳು. "ಶರಣರದಲ್ರಿ ಸಾವ್ಕಾರ್ರೆ. ಗಂಡನ ಮನಿ ಬಿಟ್ಟು ಹೋಗಿ ಹೊಲಿಗಿ ಮಿಷನ್ ಇಟಗೊಂಡಾಕಿದು. ಮೊದಲಿಂದು ನರ್ಸ್ ಬಾಯಿದು ಇತ್ತು."

ಅಧ್ಯಕ್ಷರು ಖಣ ಬಿಚ್ಚಿದರು. ಮುಖಪುಟದ ಮೇಲೆ ಕೊಡೆ ಹಿಡಿದ ಹೆಂಗಸು. ಅವರೇ ಕೈಯಾರೆ ಆ ಕಡೆ ಇಟ್ಟಿದ್ದವಳು. ಅವಳ ನೆತ್ತಿಯ ಮೇಲೆ ಈಗ ಸೇವಂತಿಗೆ ಇತ್ತು.

ನನ್ನನ್ನು ಕರೆಸಿದರು. ನಾನು ಹುಡುಗಿಯರಿಗೆ ಕೊಟ್ಟಿಲ್ಲ, ತಾಯಂದಿರಿಗೆ ಕೊಟ್ಟಿದ್ದೇನೆ, ನೀವು ಹೇಳಿದ ಮಾತು ಮೀರಿಲ್ಲ ಎಂದೆ. ಮುಖ್ಯೋಪಾಧ್ಯಾಯರು ವಯಸ್ಕರ ಶಿಕ್ಷಣ ಎಂದು ಒಂದು ಮಾತು ಸೇರಿಸಿ, ಅಧ್ಯಕ್ಷರ ಮುಖ ನೋಡಿ, ಮತ್ತೆ ಬಾಯಿ ತೆರೆಯಲಿಲ್ಲ. ನನ್ನನ್ನು ತೆಗೆದರೆ ಕನ್ನಡ ಕಲಿಸುವವರು ಸಿಗುತ್ತಿರಲಿಲ್ಲ. ಹಾಗಾಗಿ ಸಿಟ್ಟು ಯಾರ ಮೇಲೆ ಹೋಗಲು ಸುಲಭವೋ ಅವರ ಮೇಲೆ ಹೋಯಿತು. ರಿಜಿಸ್ಟರಿನಿಂದ ಹುಡುಗಿಯ ಹೆಸರು ಹೊಡೆಯಿರಿ, ಪರೀಕ್ಷೆಗೆ ಕೂಡಿಸಬೇಡಿ ಎಂದು ಹುಕುಂ ಆಯಿತು. ಹಾಗೆಂದರೆ ಯುಗಾದಿ, ಹುಲಸೂರು, ಅರ್ಧ ತಲೆ ನೆರೆತ ಮಾವ. ಅವತ್ತು ನಾನು ಏನೇನು ಅಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೀ ಹೌದ್ರಿ ಅಂತೂ ಅಲ್ಲ.

ನನ್ನ ಮಾತಿನಿಂದ ಏನೂ ಆಗಲಿಲ್ಲ. ಆದದ್ದು ಆಯಿಯಿಂದ. ಹುಡುಗಿ ಓದಲು ಹಿತ್ತಲಿಗೆ ಬರದ ಮೊದಲ ದಿನವೇ ಅವರು ತಾಟು ಸರಿಸಿದರು.

"ಅರ್ಧಕ್ಕ ನಿಂತ ಪುರಾಣದ ಮನ್ಯಾಗ ನಾ ಉಣ್ಣಂಗಿಲ್ಲ."

"ಅದು ಪುರಾಣ ಅಲ್ಲ ಅವ್ವ," ಅಂದರು ಮಗ.

"ಮಾದಲಿ ತಿಂದಿ. ಹೂ ಏರಿಸಿದಿ. ಅಡ್ಡ ಬಿದ್ದಿ. ಈಗ ಅಲ್ಲ ಅಂತಿ ಏನು?"

ಮುದುಕಿ ಮಾರನೆಯ ದಿನವೂ ಉಣ್ಣಲಿಲ್ಲ. ಸಂಜೆ ಅಧ್ಯಕ್ಷರು ಶಾಲೆಗೆ ಬಂದು ನನ್ನ ಮುಖ ನೋಡದೆ ಹೇಳಿದರು: "ಬಂದು ಮುಗಿಸಿಬಿಡಲಿ. ಅಲ್ಲಿತನಕ ಹೆಸರ ಇರಲಿ. ಮುಗದ ಮ್ಯಾಲ ನೋಡೂಣು."

ಮುಗಿದ ಮೇಲೆ ಏನು ನೋಡುತ್ತಾರೆಂಬುದು ನನಗೂ ಗೊತ್ತಿತ್ತು, ಹುಡುಗಿಗೂ ಗೊತ್ತಿತ್ತು. ಆಕೆ ಮತ್ತೆ ತರಗತಿಗೆ ಬಂದಳು, ಮತ್ತೆ ಹಿತ್ತಲಿಗೆ ಹೋದಳು. ಓದುವ ವೇಗ ಕಡಿಮೆಯಾಯಿತು. ಗಂಟಲು ಕೆಟ್ಟಿದೆ ಎನ್ನುವಳು, ನಾಳೆ ಗಣಿತದ ಟೆಸ್ಟು ಎನ್ನುವಳು. ಎಷ್ಟು ಎಳೆದರೂ ಪುಸ್ತಕಕ್ಕೆ ಕೊನೆ ಇರುತ್ತದೆ. ಶಿವರಾತ್ರಿಯ ಹೊತ್ತಿಗೆ ಕಡೆಯ ಅಧ್ಯಾಯವೊಂದೇ ಉಳಿಯಿತು. ಹೊಲಿಗೆ ಮಿಷನ್ನಿನವಳು ಟ್ರಂಕು ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಳೆ. ಗಂಡ ಕರೆಯಲು ಬಂದಿದ್ದಾನೆ. ಹೋಗುತ್ತಾಳೋ ಇಲ್ಲವೋ.

ಹುಡುಗಿ ಪುಸ್ತಕ ಮುಚ್ಚಿದಳು. "ಉಳದದ್ದು ಪರೀಕ್ಷೆ ಆದಮ್ಯಾಲ, ಆಯಿ."

ಮೊರ ಹಿಡಿದಿದ್ದ ಹೆಂಗಸರೆಲ್ಲ ಆಕೆಯ ಮೇಲೆ ಬಿದ್ದರು. ಹೀಗೂ ಉಂಟೇನು, ಇನ್ನೂ ಎಷ್ಟು ದಿನ ಕಾಯಬೇಕು ಎಂದರು. ಆಯಿ ಮಾತ್ರ ಆಕೆಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಹಾಂ. ಕಟ್ಟಿಡು," ಅಂದರು.

ಪರೀಕ್ಷೆ ಹತ್ತಿರವಾದಾಗ ಆಯಿ ಹಾಸಿಗೆ ಹಿಡಿದರು. ಬಿಸಿಲು ಏರುವ ದಿನಗಳು. ಎದೆಯಲ್ಲಿ ಕಫ ಕಟ್ಟಿತ್ತು. ನಮ್ಮ ಹುಡುಗಿಯರಿಗೆ ಪರೀಕ್ಷಾ ಕೇಂದ್ರ ಬಿದ್ದದ್ದು ಹುಮನಾಬಾದಿಗೆ. ಈ ಹುಡುಗಿಯನ್ನು ಪರೀಕ್ಷೆ ಮುಗಿಯುವವರೆಗೆ ನಮ್ಮ ಮನೆಯಲ್ಲೇ ಇಟ್ಟುಕೊಳ್ಳುವುದೆಂದು ಮಾತಾಗಿತ್ತು. ಹೊರಡುವ ಹಿಂದಿನ ದಿನದವರೆಗೂ ಆಕೆಯ ಹಾಲ್ ಟಿಕೆಟ್ ಮುಖ್ಯೋಪಾಧ್ಯಾಯರ ಮೇಜಿನಲ್ಲೇ ಇತ್ತು. ಮಿಕ್ಕವರಿಗೆಲ್ಲ ಕೊಟ್ಟಾಗಿತ್ತು. ಆ ಮಧ್ಯಾಹ್ನ ಅಧ್ಯಕ್ಷರು ಬಂದರು. ಗಡ್ಡ ಬಿಟ್ಟಿದ್ದರು.

"ಅಕ್ಕೋರ, ಅವ್ವ ಉಳಿಯೂದು ಕಷ್ಟ ಅದ. ಆ ಕಡೀದು ಓದಿಸಿಬಿಡ್ರಿ. ಕೇಳಿ ಹೋಗಲಿ."

"ಹಾಲ್ ಟಿಕೆಟ್?" ಅಂದೆ.

"ಅದು ಆಮ್ಯಾಲ ನೋಡೂಣು."

ತಾಯಿ ಸಾಯುತ್ತಿರುವಾಗಲೂ ಆ ಮನುಷ್ಯನ ಬಾಯಿಂದ ಬಂದದ್ದು ಅದೇ ಮಾತು. ನಾನು ಬಾಯಿ ಬಿಡುವಷ್ಟರಲ್ಲಿ ಬಾಗಿಲ ಹತ್ತಿರವಿದ್ದ ಹುಡುಗಿ, "ನಾ ಓದ್ತೀನ್ರಿ," ಅಂದಳು. ನಾನು ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಇಬ್ಬರೂ ಹೋದೆವು.

ಆಯಿ ಒಳಮನೆಯಲ್ಲಿ ಮಲಗಿದ್ದರು, ಬಹಳ ಸಣ್ಣಗಾಗಿದ್ದರು. ಅಧ್ಯಕ್ಷರು ಬಾಗಿಲಲ್ಲಿ ನಿಂತರು. ಹುಡುಗಿ ಹಾಸಿಗೆಯ ಪಕ್ಕ ಕೂತು, ಖಣ ಬಿಚ್ಚಿ, ಪುಸ್ತಕ ಕಣ್ಣಿಗೊತ್ತಿಕೊಂಡಳು. ಹಾಳೆ ತಿರುವಿದ ಸಪ್ಪಳಕ್ಕೆ ಆಯಿ ಕೈ ಚಾಚಿ ಪುಸ್ತಕದ ಮೇಲಿಟ್ಟರು.

"ಬ್ಯಾಡ."

"ಓದ್ತೀನಿ ಆಯಿ. ಸ್ವಲ್ಪ ಅದ."

"ಬ್ಯಾಡ ಅಂದ್ರ ಬ್ಯಾಡ. ನನ್ನ ಮಗನ್ನ ನಾ ಹಡದೀನಿ. ನನಗ ಗೊತ್ತದ. ಇದು ಮುಗೀತಂದ್ರ ನಿನ್ನ ಹೆಸರ ಹೊಡಸ್ತಾನ." ಉಸಿರು ಸಾಲದೆ ಸ್ವಲ್ಪ ತಡೆದರು. "ಪರೀಕ್ಷೆ ಬರದು ಬಾ. ಆಮ್ಯಾಲ ಕೇಳ್ತೀನಿ."

ಬಾಗಿಲಲ್ಲಿ ಮಗ ನಿಂತಿದ್ದಾನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ ನಾನು ಹೇಳಲಾರೆ. ನಾನು ತಿರುಗಿ ನೋಡಿದಾಗ ಬಾಗಿಲು ಖಾಲಿ ಇತ್ತು. ಹುಡುಗಿ ಪುಸ್ತಕ ಮತ್ತೆ ಕಟ್ಟಿದಳು. ಗಂಟು ಹಾಕಲು ಆಕೆಗೆ ಬಹಳ ಹೊತ್ತು ಹಿಡಿಯಿತು.

ಆ ರಾತ್ರಿ ನಾನು ಊರಲ್ಲೇ ಉಳಿದೆ. ಮರುದಿನ ಬೆಳಿಗ್ಗೆ ನಮ್ಮ ಬಸ್ಸು ಹೊರಡುವ ಮುನ್ನ ಮುಖ್ಯೋಪಾಧ್ಯಾಯರು ಏದುಸಿರು ಬಿಡುತ್ತ ಬಂದು ಕಿಟಕಿಯಿಂದ ಹಾಲ್ ಟಿಕೆಟ್ ಕೊಟ್ಟರು.

ಹುಡುಗಿ ಪಾಸಾದಳು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊದಲ ದರ್ಜೆಯೇನಲ್ಲ. ಬೀದರಿಗೆ ಹೋಗಿ ನರ್ಸ್ ತರಬೇತಿ ಮುಗಿಸಿದಳು. ನಾನು ಆ ಶಾಲೆ ಬಿಡುವವರೆಗೂ ಅಲಮಾರಿಗೆ ಕೀಲಿ ಇತ್ತು. ಹುಕುಂ ಯಾರೂ ಹಿಂದೆ ತೆಗೆದುಕೊಳ್ಳಲಿಲ್ಲ. ತಾಯಂದಿರೂ ಬರುವುದು ಬಿಡಲಿಲ್ಲ. ಅದರ ಬಗ್ಗೆ ಕಮಿಟಿ ಮತ್ತೆ ಮಾತೆತ್ತಲಿಲ್ಲ.

ಪರೀಕ್ಷೆ ಅರ್ಧ ಮುಗಿದಿರುವಾಗ ಶಾಲೆಯ ಜವಾನ ನಮ್ಮ ಮನೆಗೆ ಬಂದ. ಹುಡುಗಿ ಮಾಳಿಗೆಯ ಮೇಲೆ ಓದುತ್ತಿದ್ದಳು. ಆಯಿ ಹೋದರು, ಮಣ್ಣು ಕೊಟ್ಟಾಯಿತು ಎಂದ. "ಹುಡುಗಿಗಿ ಹೇಳಬ್ಯಾಡ್ರಿ ಅಂದಾರ ಸಾವ್ಕಾರ್ರು. ಪೇಪರ್ ಎಲ್ಲಾ ಮುಗೀಲಿ ಅಂದಾರ." ಇದನ್ನು ಹೇಳುವುದಕ್ಕೆಂದೇ ಅವನನ್ನು ಬಸ್ಸಿಗೆ ಹತ್ತಿಸಿ ಕಳಿಸಿದ್ದರು. ನನಗೆ ಅಳು ಬಂತು. ಆ ಮನುಷ್ಯನ ಮೇಲೆ ಇಷ್ಟು ದಿನ ಇಟ್ಟುಕೊಂಡಿದ್ದ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಒಗ್ಗರಣೆ ಹಾಕಿ, ಹುಡುಗಿಯನ್ನು ಊಟಕ್ಕೆ ಕರೆದೆ. ಅವಳು ಉಂಡಳು, ನಾನೂ ಉಂಡೆ.

ಕಡೆಯ ಪೇಪರು ಮುಗಿಸಿ ಬಂದವಳು ಪ್ರಶ್ನೆಗಳ ಸುದ್ದಿಯನ್ನೇ ಎತ್ತಲಿಲ್ಲ. "ಕಲ್ಯಾಣದ ಬಸ್ ಎಷ್ಟಕ್ಕದ ಅಕ್ಕೋರ?" ಅಂದಳು. ಚೀಲದಲ್ಲಿ ಖಣದ ಗಂಟು ಇತ್ತು. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂಡಿಸಿ ಹೇಳಿದೆ. ಆಕೆ ಅಳಲಿಲ್ಲ. ಬಸ್ಸು ಬಂದಾಗ ಎದ್ದು ಹತ್ತಿದಳು. ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಬಸ್ಸಿಳಿದವಳು ತನ್ನ ಮನೆಗೆ ಹೋಗಲಿಲ್ಲ. ಸಾಹುಕಾರರ ಹಿತ್ತಲಿಗೆ ಹೋದಳು, ನಾನೂ ಜೊತೆಗೆ ಹೋದೆ. ಹೆಂಗಸರು ತೊಗರಿ ಹಸನ ಮಾಡುತ್ತಿದ್ದರು. ಇವಳನ್ನು ಕಂಡು ಮೊರ ಕೆಳಗಿಟ್ಟರು. ಆಯಿ ಕೂರುತ್ತಿದ್ದ ಜಾಗದಲ್ಲಿ ಯಾರೂ ಕೂತಿರಲಿಲ್ಲ. ಹುಡುಗಿ ಮಣೆಯ ಮೇಲೆ ಗಂಟು ಇಡುವ ಹೊತ್ತಿಗೆ ಅಧ್ಯಕ್ಷರು ಅಂಗಡಿಯಿಂದ ಒಳಗೆ ಬಂದರು. ನಾನು ಎದ್ದು ನಿಂತೆ. ಅವರು ನನಗೆ ಕೂಡಲು ಕೈ ಮಾಡಿ, ತಾವು ಹೆಂಗಸರಿಂದ ದೂರಕ್ಕೆ, ಗೋಡೆಗೆ ಆತು ನೆಲದ ಮೇಲೆ ಕೂತರು.

"ಓದವಾ," ಅಂದರು.

ಆಕೆ ಓದಿದಳು. ಹೊಲಿಗೆ ಮಿಷನ್ನಿನವಳು ಬಸ್‌ಸ್ಟ್ಯಾಂಡಿನಲ್ಲಿ ಅತ್ತಳು, ಗಂಡನೂ ಅತ್ತ, ಕ್ಷಮೆ ಕೇಳಿದ. ಅವಳು ಕ್ಷಮಿಸಿದಳು. ಮಿಷನ್ನನ್ನು ಪಕ್ಕದ ಮನೆಯವಳಿಗೆ ಕೊಟ್ಟು, ಟ್ರಂಕು ಹೊರಿಸಿಕೊಂಡು, ಗಂಡನ ಹಿಂದೆ ಊರಿಗೆ ಹೋದಳು. ಅಷ್ಟೇ. ಹುಡುಗಿ ಪುಸ್ತಕ ಮುಚ್ಚಿದಳು.

ಅಧ್ಯಕ್ಷರು ಕೇಳಿದರು. "ಅವ್ವಗ ಇದು ಸೇರ್ತಿತ್ತೇನವಾ?"

ಹುಡುಗಿ ಯೋಚಿಸಿದಳು.

"ಇಲ್ರಿ," ಅಂದಳು. "ಬೈತಿದ್ದರು."

"ಯಾರಿಗಿ?"

"ಆಕಿಗೂ ಬೈತಿದ್ದರು. ಬರದವರಿಗೂ ಬೈತಿದ್ದರು. ಹಿಂಗ್ಯಾಕ ಓದಿದಿ ಅಂತ ನನಗೂ ಬೈತಿದ್ದರು."

"ಹೌದು," ಅಂದರು ಅಧ್ಯಕ್ಷರು. "ಬೈತಿದ್ದಳು." ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಹಿಡಿದುಕೊಂಡು ಎಲ್ಲರ ಮುಂದೆ ಅತ್ತರು. ಆಗ ಹುಡುಗಿಯೂ ಅತ್ತಳು.